ಯೋಚನೆ ಮಾಡಬಾರದ ಸ್ಟೂಲು

ಲೋಕದಲ್ಲಿ ಬಹಳ ಜನ ದೊಡ್ಡವರಾಗುವುದು ಕುರ್ಚಿಯಿಂದ. ನಮ್ಮ ಚಿಕ್ಕಮ್ಮ ದೊಡ್ಡವಳಾದದ್ದು ಒಂದು ಸ್ಟೂಲಿನಿಂದ. ಬೆನ್ನಿಗೆ ಆಸರೆಯಿಲ್ಲದ ಮರದ ಸ್ಟೂಲು. ಒಂದು ಕಾಲು ಗಿಡ್ಡ, ಅದರ ಕೆಳಗೆ ಮಡಿಚಿಟ್ಟ ರಟ್ಟು. ಪರೀಕ್ಷಾ ಕಚೇರಿಯಲ್ಲಿ, ಲೆಕ್ಕದ ಯಂತ್ರದ ಕೋಣೆಯ ಕಿಟಕಿಯ ಪಕ್ಕ ಅದರ ಜಾಗ.

ಆಗಿನ ಯಂತ್ರವೆಂದರೆ ನಾಲ್ಕು ಬೀರುಗಳನ್ನು ಒತ್ತಾಗಿ ನಿಲ್ಲಿಸಿದ ಹಾಗೆ. ಇದ್ದ ಒಂದೇ ಫ್ಯಾನು ಅದರ ಕಡೆಗೇ ತಿರುಗಿರುತ್ತಿತ್ತು. ಮನುಷ್ಯರು ಬೆವರಬಹುದು, ಯಂತ್ರ ಬೆವರಬಾರದು. ಒಬ್ಬ ವಿದ್ಯಾರ್ಥಿಗೆ ಒಂದರಂತೆ ದಪ್ಪ ಕಾರ್ಡುಗಳಲ್ಲಿ ಅಂಕಗಳನ್ನು ತೂತಾಗಿ ಕೊರೆದು ಅದರ ಬಾಯಿಗೆ ಕೊಡಬೇಕು. ಹಾಗೆ ತೂತು ಕೊರೆಯುವ ಆರು ಜನರಲ್ಲಿ ಚಿಕ್ಕಮ್ಮ ಒಬ್ಬಳು. ಆರು ತಿಂಗಳ ತಾತ್ಕಾಲಿಕ ನೌಕರಿ. ಗಡಿಯಾರ ರಿಪೇರಿ ಮಾಡುತ್ತಿದ್ದ ಚಿಕ್ಕಪ್ಪನ ಕಣ್ಣು ಮಂಜಾಗತೊಡಗಿತ್ತು. ಮನೆ ನಡೆಯಬೇಕಾದರೆ ಅವಳ ನೌಕರಿ ಕಾಯಂ ಆಗಲೇಬೇಕು. ಆ ಕಾಗದ ಮುಖ್ಯಸ್ಥರ ಮೇಜಿನ ಮೇಲೆ ಸಹಿಗೆ ಕಾಯುತ್ತ ಬಿದ್ದಿತ್ತು.

ಊಟದ ಬಿಡುವಿನಲ್ಲಿ ಉಳಿದವರು ಊರ ಸುದ್ದಿ ಮಾತಾಡಿದರೆ ಚಿಕ್ಕಮ್ಮ ಯಂತ್ರದ ಜೊತೆ ಬಂದಿದ್ದ ದಪ್ಪ ಪುಸ್ತಕ ಓದುತ್ತಿದ್ದಳು. ಕಂಪ್ಯೂಟರ್ ಎಂಬುದು ಮೊದಲಿಗೆ ಯಂತ್ರದ ಹೆಸರೇ ಅಲ್ಲ, ಕೂತು ಲೆಕ್ಕ ಮಾಡುವ ಮನುಷ್ಯರ ಹೆಸರು ಎಂದು ಅವಳಿಗೆ ಗೊತ್ತಾದದ್ದು ಅಲ್ಲೇ. ಈ ವಿದ್ಯೆಗೆ ಬುನಾದಿ ಹಾಕಿದ ಹಿರಿಯರು ಯಂತ್ರಕ್ಕಿಂತ ಮುಂಚೆ ಒಬ್ಬ ಗುಮಾಸ್ತನನ್ನು ಕಲ್ಪಿಸಿಕೊಂಡಿದ್ದರಂತೆ: ಕೈಯಲ್ಲಿ ಪೆನ್ಸಿಲು, ಮುಂದೆ ಕಾಗದ, ಸ್ವಂತ ಬುದ್ಧಿ ಸೊನ್ನೆ. ಬರೆದಿಟ್ಟ ಸೂಚನೆಗಳನ್ನು ಒಂದಾದ ಮೇಲೊಂದು ಪಾಲಿಸುತ್ತಾನೆ, ಅಷ್ಟೇ. ಅಂಥವನ ಕೈಲಿ ಆಗುವ ಲೆಕ್ಕ ಯಂತ್ರದ ಕೈಲೂ ಆಗುತ್ತದೆ. ಓದಿದವರು ಸಾಮಾನ್ಯವಾಗಿ ಯಂತ್ರವನ್ನು ಮೆಚ್ಚುತ್ತಾರೆ. ಚಿಕ್ಕಮ್ಮ ಗುಮಾಸ್ತನನ್ನು ಮೆಚ್ಚಿಕೊಂಡಳು.

ಸ್ಟೂಲಿನ ನಿಯಮ ಹುಟ್ಟಿದ್ದು ಹೀಗೆ. ಅದರ ಮೇಲೆ ಕೂತವಳು ದಡ್ಡಿ. ಮುಂದೆ ಖಾಲಿ ಬೆಂಕಿಪೊಟ್ಟಣಗಳ ಸಾಲು, ಒಂದೊಂದಕ್ಕೂ ಒಂದು ಹೆಸರು: ಅಂಕ, ಪಾಸು, ಫೇಲು, ಗೈರು. ಯಂತ್ರಕ್ಕೆ ಬರೆದ ಸೂಚನೆಯನ್ನು ಸಾಲು ಸಾಲಾಗಿ ಓದುತ್ತ, ಅದು ಹೇಳಿದಂತೆ ಚೀಟಿಗಳನ್ನು ಪೊಟ್ಟಣದಿಂದ ಪೊಟ್ಟಣಕ್ಕೆ ಹಾಕಬೇಕು. 'ಇದರರ್ಥ ಹೀಗಿರಬಹುದು' ಎಂದು ತಲೆ ಓಡಿಸಿದರೆ ಎದ್ದು ನಿಲ್ಲಬೇಕು, ಮತ್ತೆ ಮೊದಲಿಂದ. ಕಚೇರಿಯವರು ಅವಳಿಗೆ 'ಮತ್ತೆ ಮೊದಲಿಂದ' ಎಂದೇ ಅಡ್ಡಹೆಸರಿಟ್ಟರು.

ಅಭ್ಯಾಸ ಮನೆಗೂ ಬಂತು. "ಹಾಲು ಉಕ್ಕೋವರೆಗೂ ನೋಡ್ತಿರು" ಎಂದು ಚಿಕ್ಕಪ್ಪ ಹೇಳಿ ಹೋದರೆ, ಉಕ್ಕುವವರೆಗೆ ನೋಡಿ, ಉಕ್ಕಿದ್ದನ್ನೂ ನೋಡಿದಳು.

"ಒಲೆ ಆರಿಸಬಾರದಾ?"

"ಹೇಳಲಿಲ್ವಲ್ಲ ನೀವು."

"ಮಾತು ಕೇಳೋ ಹೆಂಡತಿ ಬೇಕು ಅಂದಿದ್ದೆ ಕಣೋ," ಎಂದು ಚಿಕ್ಕಪ್ಪ ನನ್ನ ಹತ್ತಿರ ಹೇಳಿಕೊಂಡರು. "ಇಷ್ಟು ಕೇಳ್ತಾಳೆ ಅಂತ ಗೊತ್ತಿರಲಿಲ್ಲ."

ಮುಖ್ಯಸ್ಥರು ಮಾತ್ರ ಬೇರೆ ಜಾತಿಯ ಮನುಷ್ಯ. ಕೈಯಿಲ್ಲದ ಕುರ್ಚಿಯಲ್ಲಿ ಅವರನ್ನು ಕಂಡವರಿಲ್ಲ. ಆ ವರ್ಷದ ಫಲಿತಾಂಶಕ್ಕೆ ಸೂಚನೆಗಳನ್ನು ಸ್ವತಃ ಬರೆದಿದ್ದರು. ಆ ಕಚೇರಿಯಲ್ಲಿ ಗಣಿತಕ್ಕೂ ನೂರಕ್ಕೆ ನೂರು ಕೊಡುವ ಪದ್ಧತಿಯೇ ಇಲ್ಲ; ಹಾಗಾಗಿ ಅಂಕಕ್ಕೆ ಕಾರ್ಡಿನಲ್ಲಿ ಎರಡೇ ಅಂಕಿಯ ಜಾಗ. ಪರೀಕ್ಷೆಗೆ ಬಾರದವರಿಗೆ ಗುರುತಾಗಿ ಸೊನ್ನೆ ಹಾಕುವಂತಿಲ್ಲ, ಸೊನ್ನೆ ಪಡೆಯುವ ಪ್ರತಿಭಾವಂತರು ಪ್ರತಿ ವರ್ಷವೂ ಇದ್ದೇ ಇದ್ದರು. ಆದ್ದರಿಂದ, ಯಾರಿಗೂ ಬರಲಾರದ ತೊಂಬತ್ತೊಂಬತ್ತು ಎಂದರೆ ಗೈರು ಎಂದು ಅಪ್ಪಣೆಯಾಗಿತ್ತು.

ಮರುದಿನ ಬೆಳಿಗ್ಗೆ ಫಲಿತಾಂಶ ಅಂಟಿಸಬೇಕು. ಯಂತ್ರ ಪಟ್ಟಿ ಅಚ್ಚುಹಾಕಿ ಮುಗಿಸಿತ್ತು. ಬಿಡುವಿನಲ್ಲಿ ಚಿಕ್ಕಮ್ಮ ಸುಮ್ಮನೆ ಆ ಸೂಚನೆಗಳನ್ನು ಹಿಡಿದು ಸ್ಟೂಲಿನ ಮೇಲೆ ಕೂತಳು. ಚೀಟಿಗಳ ಮೇಲೆ ತನಗೆ ತೋಚಿದ ಅಂಕಗಳನ್ನು ಬರೆದುಕೊಂಡಳು: ಸೊನ್ನೆ, ಮೂವತ್ತೈದು, ತೊಂಬತ್ತೆಂಟು, ತೊಂಬತ್ತೊಂಬತ್ತು. ಮೊದಲ ಮೂರು ಸರಿಯಾದ ಪೊಟ್ಟಣಗಳಿಗೆ ಹೋದವು. ನಾಲ್ಕನೆಯದನ್ನು ಅವಳ ಕೈ ತಾನಾಗಿ ಗೈರಿನ ಪೊಟ್ಟಣಕ್ಕೆ ಹಾಕಿತು. ಎಲ್ಲರಿಗಿಂತ ಚೆನ್ನಾಗಿ ಬರೆದ ಮಗು ಪರೀಕ್ಷೆಗೇ ಬಂದಿಲ್ಲ.

ಸೀದಾ ಮುಖ್ಯಸ್ಥರ ಕೋಣೆಗೆ ಹೋದಳು.

"ತೊಂಬತ್ತೊಂಬತ್ತಾ?" ಮುಖ್ಯಸ್ಥರು ನಕ್ಕರು. "ನೋಡಮ್ಮ, ಆ ಪೇಪರಲ್ಲಿ ನಂಗೇ ಬಂದಿರಲಿಲ್ಲ."

"ನಿಮಗೆ ಬರಲಿಲ್ಲ ಅಂತ ಯಂತ್ರಕ್ಕೆ ಗೊತ್ತಿಲ್ಲವಲ್ಲ ಸಾರ್."

"ಯಂತ್ರ ತಪ್ಪು ಹೇಳಲ್ಲ."

"ಅದು ಏನೂ ಹೇಳಿಲ್ಲ ಸಾರ್. ನೀವು ಹೇಳಿದ್ದನ್ನೇ ಒಪ್ಪಿಸಿದೆ. ತೂತು ಅಂದ್ರೆ ತೂತು. ಯಾಕೆ ಬಿತ್ತು ಅಂತ ಅದಕ್ಕೇನು ಗೊತ್ತು?"

ಮುಖ್ಯಸ್ಥರ ನಗು ನಿಂತಿತು. "ನಿಮ್ಮ ಕಾಯಂ ಕಾಗದ ಇಲ್ಲೇ ಇದೆ, ನೆನಪಿರಲಿ."

"ನೆನಪಿದೆ ಸಾರ್. ಅದರ ಮೇಲೆ ಟೀ ಲೋಟ ಇಟ್ಟಿದ್ದೀರಿ."

ಹೊರಗೆ ಬಂದಳು. ಆ ಅಂಕ ಯಾರಿಗೂ ಬಂದಿರದಿದ್ದರೆ ಕಚೇರಿಗೆಲ್ಲ ಅವಳು ನಗೆಪಾಟಲು, ನೌಕರಿಗೂ ಎಳ್ಳುನೀರು. ಆದರೂ ಉಗ್ರಾಣಕ್ಕೆ ಹೋಗಿ ಪರೀಕ್ಷಾ ಕೊಠಡಿಗಳ ಹಾಜರಿ ಹಾಳೆಗಳ ಮೂಟೆ ಬಿಚ್ಚಿದಳು. ಯಂತ್ರದ ಪಟ್ಟಿಯಲ್ಲಿ ನಲವತ್ತೊಂದು ಗೈರು. ಒಂದೊಂದೇ ಸಂಖ್ಯೆ ಹಿಡಿದು ಹುಡುಕಿದಳು. ಸಹಿಯ ಜಾಗ ಖಾಲಿ, ಖಾಲಿ, ಖಾಲಿ. ಮೂವತ್ತು ದಾಟಿತು. ಧೂಳಿಗೆ ಸೀನು ಬೇರೆ. ಮೂವತ್ತೇಳನೆಯ ಸಂಖ್ಯೆಯ ಎದುರು ನೀಲಿ ಶಾಯಿಯಲ್ಲಿ ಒಂದು ಹುಡುಗಿಯ ದುಂಡು ಸಹಿ, ಒಂದಿಷ್ಟೂ ಗಡಿಬಿಡಿಯಿಲ್ಲದ್ದು. ಉಳಿದ ನಾಲ್ಕನ್ನೂ ನೋಡಿಯೇ ಎದ್ದಳು. ನಡುವೆ ಬಿಟ್ಟು ಓಡುವುದು ಸ್ಟೂಲಿನ ನಿಯಮದಲ್ಲಿರಲಿಲ್ಲ.

ಹಾಳೆಯನ್ನು ಮುಖ್ಯಸ್ಥರ ಮುಂದಿಟ್ಟಳು. ಅವರು ಕನ್ನಡಕ ಹಾಕಿ ನೋಡಿದರು, ತೆಗೆದು ಒರೆಸಿ ಮತ್ತೆ ನೋಡಿದರು. ಸಹಿ ಅಲ್ಲೇ ಇತ್ತು. ಉತ್ತರಪತ್ರಿಕೆ ತರಿಸಿದರು. ತೊಂಬತ್ತೊಂಬತ್ತು.

ಮುಖ್ಯಸ್ಥರು ಟೀ ಲೋಟವನ್ನು ಎತ್ತಿ ಪಕ್ಕಕ್ಕಿಟ್ಟರು.

ಫಲಿತಾಂಶ ಅರ್ಧ ದಿನ ತಡವಾಯಿತು. ವಾರ್ಷಿಕ ವರದಿಯಲ್ಲಿ 'ಮುಖ್ಯಸ್ಥರ ಸಕಾಲಿಕ ಎಚ್ಚರದಿಂದ' ಎಂಬ ಸಾಲು ಬಂತು. ಚಿಕ್ಕಪ್ಪನಿಗೆ ಅದನ್ನು ಓದಿ ಮೈ ಉರಿಯಿತು. ಚಿಕ್ಕಮ್ಮ ಲೋಟದ ಗುಂಡು ಕಲೆಯ ಪಕ್ಕದಲ್ಲಿ ಸಹಿ ಬಿದ್ದಿದ್ದ ತನ್ನ ಕಾಗದವನ್ನು ಬೀರುವಿನೊಳಗಿಟ್ಟು, "ಹುಡುಗಿ ಪಾಸಾದಳಲ್ಲ, ಬಿಡಿ" ಎಂದಳು.

ಮುಂದಿನ ವರ್ಷದ ಸೂಚನೆಗಳನ್ನೂ ಮುಖ್ಯಸ್ಥರೇ ಬರೆದರು. ಒಂದು ಮಧ್ಯಾಹ್ನ ಚಿಕ್ಕಮ್ಮ ಊಟ ಮುಗಿಸಿ ಬಂದಾಗ ಕಿಟಕಿಯ ಪಕ್ಕ ಒಂದು ವಿಶಾಲವಾದ ಬೆನ್ನು ಕಂಡಿತು. ಮುಖ್ಯಸ್ಥರು ಸ್ಟೂಲಿನ ಮೇಲೆ ಕೂತು, ದಪ್ಪ ಬೆರಳುಗಳಲ್ಲಿ ಬೆಂಕಿಪೊಟ್ಟಣ ತೆರೆಯಲು ಹೆಣಗುತ್ತಿದ್ದರು. ಅವಳು ಸದ್ದಿಲ್ಲದೆ ಹಿಂದೆ ನಿಂತು ನೋಡಿದಳು. ಒಂದನೆಯ ಸಾಲು, ಎರಡನೆಯ ಸಾಲು. ಮೂರನೆಯದಕ್ಕೆ ಅವರು ತಡೆದು, ತಲೆ ಕೆರೆದು, ಚೀಟಿಯನ್ನು ಬೇರೆ ಪೊಟ್ಟಣಕ್ಕೆ ಹಾಕಿದರು.

"ಯೋಚನೆ ಮಾಡಿದ್ರಿ ಸಾರ್," ಎಂದಳು ಚಿಕ್ಕಮ್ಮ. "ಏಳಿ. ಮತ್ತೆ ಮೊದಲಿಂದ."

ಮುಖ್ಯಸ್ಥರು ಎದ್ದರು.