ಚಿಪ್ ಸ್ವಂತದ್ದೇ ಆಗಬೇಕು
ಹಳೇ ಕಂಪ್ಯೂಟರಿನ ಹುಚ್ಚು ಹತ್ತಿದ ನನ್ನಂಥವರ ಮನೆಗೆ ಬಂದರೆ ನೀವು ನಿಂತೇ ಮಾತಾಡಬೇಕು. ಕುರ್ಚಿಗಳ ಮೇಲೆಲ್ಲ ಕೆಟ್ಟ ಯಂತ್ರಗಳು ಕೂತಿರುತ್ತವೆ. ಹಳೇ ಆಟಗಳನ್ನು ಲ್ಯಾಪ್‌ಟಾಪಿನಲ್ಲಿ ಓಡಿಸಲು ಆಯಾ ಹಳೇ ಯಂತ್ರದ ಚಿಪ್‌ನೊಳಗಿನ ಮೂಲ ತಂತ್ರಾಂಶ ಬೇಕು. ಇಂಟರ್‌ನೆಟ್ಟಿನಲ್ಲಿ ಅದು ಪುಕ್ಕಟೆ ಬಿದ್ದಿದೆ, ಆದರೆ ನಾನು ಸತ್ಯವಂತ, ಕದ್ದ ಮಾಲು ಮುಟ್ಟುವುದಿಲ್ಲ. ಕೆಟ್ಟ ಯಂತ್ರವನ್ನೇ ಕೊಂಡು, ಚಿಪ್ ಕೀಳಲು ಹೋಗಿ ಅದರ ತಂತಿಯಂಥ ಸಣ್ಣ ಕಾಲು ಮುರಿದು, ಮತ್ತೊಂದು ಯಂತ್ರ ಹುಡುಕುತ್ತೇನೆ. “ನಿಮ್ಮ ಸತ್ಯಕ್ಕೆ ಇನ್ನು ಮಂಚದ ಕೆಳಗೂ ಜಾಗ ಇಲ್ಲ,” ಅಂತಾಳೆ ಹೆಂಡತಿ. ಹೋದ ವಾರ ಒಂದು ಚಿಪ್ ಮುರಿಯದೆ ಬಂತು, ಅದರೊಳಗಿನ ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ತೀರಿಹೋದ ಅಕ್ಕ ತಾನೇ ಬರೆದು, ಆ ಕಾಲದ ರೂಢಿಯಂತೆ ಹಾಡಿನ ಕ್ಯಾಸೆಟ್ಟಿನಲ್ಲಿ ತುಂಬಿಟ್ಟಿದ್ದ ಆಟವನ್ನು ಓಡಿಸಿದೆ. ತೆರೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಅವಳ ಮಾತು ಮೂಡಿತು: “ತಮ್ಮಾ, ನನ್ನ ಕೇಳಿ ಮುಟ್ಟಿದ್ಯಾ?” ಕೆಳಗೆ ಹೌದು, ಇಲ್ಲ. ಸತ್ಯವಂತನಲ್ಲವೇ, ಇನ್ನೂ ಯಾವುದನ್ನೂ ಒತ್ತಿಲ್ಲ.