ಬೀಳಲು ಕಲಿಸಿದವರು

ನಮ್ಮ ಪಿ.ಟಿ. ಮೇಷ್ಟ್ರ ಹಿಮ್ಮಡಿ ನೆಲ ಮುಟ್ಟಿದ್ದನ್ನು ನಾನು ನೋಡಿದ್ದೇ ಕಡಿಮೆ. ಬೆಳಗಿನ ಪ್ರಾರ್ಥನೆಯಲ್ಲೂ ತುದಿಗಾಲಿನ ಮೇಲೆ ತೂಗುತ್ತಿದ್ದರು. ಕಾಫಿ ಕೊಟ್ಟರೆ ಲೋಟ ಹಿಡಿದೇ ಮೈದಾನ ಸುತ್ತುತ್ತಿದ್ದರು. ಬೆಳಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತರೂ ಅವರ ಕಣ್ಣು ಜನರ ಕಾಲಿನ ಮೇಲೆ. ಯಾರ ಮಂಡಿ ಒಳಗೆ ವಾಲುತ್ತದೆ, ಮೂಟೆ ಹೊತ್ತವರ ಸೊಂಟ ಎಲ್ಲಿ ಸೋಲುತ್ತದೆ ಎಂದು ನೋಡುತ್ತ ತಮ್ಮಷ್ಟಕ್ಕೆ ಗೊಣಗುತ್ತಿದ್ದರು.

ಹುಡುಗಿಯರಿಗೆ ರಗ್ಬಿ ಕಲಿಸುತ್ತೇನೆಂದು ಅವರು ಹೊರಟಾಗ ಊರು ನಕ್ಕಿತು. ಗುಡ್ಡ ಹತ್ತಿಸಿಯೇ ನಮ್ಮನ್ನು ಆರಿಸಿದರು. ಯಾರಿಗೆ ಉಸಿರು ಸಾಲದು, ಯಾರ ಕತ್ತು ಗಟ್ಟಿಯಾಗಬೇಕು ಎಂದು ಒಬ್ಬೊಬ್ಬರನ್ನೇ ನೋಡಿ ಬೇರೆ ಬೇರೆ ಕಸರತ್ತು ಹೇಳಿದರು. "ನಿಂಗೆ ಕಾಲೈತೆ ಮಗಾ, ಹೆಗಲಿಲ್ಲ. ನಾಳೆಯಿಂದ ಮನೆ ನೀರೆಲ್ಲ ನೀನೇ ಹೊರು," ಎಂದದ್ದು ನನಗೆ. ರಾಜ್ಯ ತಂಡಕ್ಕೆ ಸೇರುವ ಹುಚ್ಚು ಆಗಲೇ ಹಿಡಿದಿತ್ತು, ಹೊತ್ತೆ. ಅವರ ಚಡಪಡಿಕೆ ನಮಗೂ ಅಂಟಿತು. ತೋಟದಲ್ಲಿ ಕಾಫಿ ಕೊಯ್ಯುವಾಗಲೂ ಕಾಲು ಸುಮ್ಮನಿರುತ್ತಿರಲಿಲ್ಲ.

ಹಾಸನದ ಮೊದಲ ಪಂದ್ಯದಲ್ಲೇ ಮಣ್ಣು ಮುಕ್ಕಿದೆವು. ಬಟ್ಟೆಗೆ ಮಾತ್ರ ಮಣ್ಣಾಗಿರಲಿಲ್ಲ. ಎದುರಾಳಿ ಬಂದು ತಬ್ಬಿ ಹಿಡಿದರೆ ಚೆಂಡು ಇದ್ದವಳು ಬಿದ್ದು, ಚೆಂಡನ್ನು ತನ್ನವರ ಕಡೆಗಿಟ್ಟು, ಚಕ್ಕನೆ ಏಳಬೇಕು. ನಾವು ಬೀಳಲೇ ಇಲ್ಲ. ಇಳಿಜಾರಿನಲ್ಲಿ ಬೆಳೆದ ಮಕ್ಕಳು ಮೊದಲು ಕಲಿಯುವುದೇ ಬೀಳದಿರುವುದನ್ನು. ಕಾಲೂರಿ ನಿಂತೆವು, ಅವರು ಚೆಂಡು ಕಿತ್ತುಕೊಂಡು ಓಡಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಮೇಷ್ಟ್ರು ಕೂರಲಿಲ್ಲ. "ತಪ್ಪು ನಂದೇ ಕಣ್ರೇ. ನೀವು ಹತ್ತೋದ್ ನೋಡ್ದೆ, ಬೀಳೋದ್ ನೋಡ್ಲೇ ಇಲ್ಲ," ಎಂದರು.

ಮಾರನೆಯ ದಿನ ಕೊಯ್ಲಾದ ಗದ್ದೆಯೊಂದಕ್ಕೆ ನೀರು ಬಿಡಿಸಿ, ಕೆಸರಾದ ಮೇಲೆ ಮೊದಲು ತಾವೇ ಬಿದ್ದರು. ಗದ್ದವನ್ನು ಎದೆಗೊತ್ತಿ, ಭುಜ ಒಳಗೆ ಮಡಿಸಿ ಬಿದ್ದರು, ಎದ್ದರು, ಮತ್ತೆ ಬಿದ್ದರು. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು, "ಮೇಷ್ಟ್ರಿಗೆ ಏನಾಗ್ಬುಡ್ತು ಮಾರಾಯ," ಎಂದರು. ಹುಡುಗಿಯರೆಲ್ಲ ನಗುತ್ತ ಕೆಸರಿಗೆ ಬಿದ್ದರು. ನಾನೊಬ್ಬಳು ಬದುವಿನ ಮೇಲೆ ಉಳಿದೆ. ಕಾಳುಮೆಣಸು ಕೊಯ್ಯುವಾಗ ಅಪ್ಪ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಆ ಸದ್ದು ಕಿವಿಯಿಂದ ಹೋಗಿರಲಿಲ್ಲ.

ಮೇಷ್ಟ್ರು ಪಕ್ಕಕ್ಕೆ ಬಂದು ಮೆತ್ತಗೆ ಹೇಳಿದರು: "ಬೀಳ್ತೀನಿ ಅಂತ ನಿಮ್ಮಪ್ಪಂಗೆ ಗೊತ್ತಿರ್ಲಿಲ್ಲ ಮಗಾ. ನಿಂಗೆ ಗೊತ್ತೈತೆ. ಕೈ ಊರ್ಬ್ಯಾಡ, ಭುಜ ಮಡ್ಸು."

ಅಳು ಬಂತು. ಅಪ್ಪನ ಮಾತೆತ್ತಿದರಲ್ಲ ಎಂದು ಸಿಟ್ಟೂ ಬಂತು. ಆ ಸಿಟ್ಟಿನಲ್ಲೇ ಬಿದ್ದೆ, ಎದ್ದೆ. ಮುಂದೆ ರಾಜ್ಯ ತಂಡದ ಅಂಗಿ ಕೈಗೆ ಬಂದ ದಿನ ಫೋನ್ ಮಾಡಿದರೆ, "ಸರಿ, ಕತ್ತಿನ ಕಸರತ್ತು ಮಾಡ್ದ್ಯಾ ಇವತ್ತು?" ಎಂದಷ್ಟೇ ಕೇಳಿದರು. ನಾನು ಇವತ್ತು ಹುಡುಗಿಯರಿಗೆ ಆಟ ಕಲಿಸಿ ಅನ್ನ ತಿನ್ನುತ್ತಿರುವುದು ಅವರಿಂದ.

ನಿವೃತ್ತರಾದರೂ ಅವರು ಗದ್ದೆ ಬಿಡಲಿಲ್ಲ. ಹೋದ ವರ್ಷ ತೀರಿಕೊಂಡದ್ದೂ ಅಲ್ಲೇ. ನಾನು ಕಲಿಸುವ ಹೊಸ ಹುಡುಗಿಯರನ್ನು ಕರೆತಂದು ಬದುವಿನ ಮೇಲೆ ನಿಲ್ಲಿಸಿಕೊಂಡಿದ್ದೆ. "ನೋಡ್ರೇ ಇಲ್ಲಿ," ಎಂದು ಮೇಷ್ಟ್ರು ನಾಲ್ಕು ಹೆಜ್ಜೆ ಓಡಿ ಬಿದ್ದರು. ಈಗ ಏಳುತ್ತಾರೆಂದು ಹುಡುಗಿಯರು ನಗುತ್ತ ಕಾದರು. ನಾನು ಮಾತ್ರ ಓಡಿದೆ. ಮೇಷ್ಟ್ರು ಭುಜ ಮಡಿಸಿರಲಿಲ್ಲ.