ಹಂದಿಜ್ವರದ ವಾರ್ಡಿಗೆ ನಗೆಪಾಠ

ನಗುವುದಕ್ಕೂ ಡ್ಯೂಟಿ ಹಾಕುತ್ತಾರೆ ಗೆಳೆಯರೇ! ಹಂದಿಜ್ವರದ ವಾರ್ಡಿನ ನರ್ಸ್‌ಗಳಾದ ನಾವು ಸುಸ್ತಾಗಿ ರಜೆ ಕೇಳಿದರೆ, ರಾಜಾಜಿನಗರದ ನಮ್ಮ ಆಸ್ಪತ್ರೆಯ ಆಡಳಿತಾಧಿಕಾರಿ ನಗೆಕೂಟದ ಮೇಷ್ಟ್ರನ್ನು ಕರೆಸಿದರು. ಇವತ್ತು ಪಾಳಿ ಮುಗಿಸಿ ಮನೆಗೆ ಹೊರಟವರನ್ನು ತಡೆದು ಸಾಲಾಗಿ ನಿಲ್ಲಿಸಿದರು. ನನ್ನ ಪಕ್ಕದಲ್ಲಿ ಬಾಗಲಕೋಟೆಯ ಶಾಂತಾ. ವಾರ್ಡಿನಲ್ಲಿ ಒಂದು ಸಾವಾದಾಗಿನಿಂದ ಆಕೆ ನೆಟ್ಟಗೆ ಊಟ ಮಾಡಿಲ್ಲ.

"ಪಕ್ಕದವರ ಕೈ ಕುಲುಕಿ, ಹೊಟ್ಟೆಯಿಂದ ನಗಿ! ಮಾಸ್ಕ್ ತೆಗೀರಮ್ಮ, ನಗು ಕಾಣ್ಬೇಕು," ಎಂದರು ಮೇಷ್ಟ್ರು.

"ತೆಗೆಯಲ್ಲ ಸಾರ್," ಎಂದೆ.

"ಅದೇ ನೋಡಿ ನಿಮ್ಮ ಪ್ರಾಬ್ಲಂ. ಭಯ ಬಿಡಿ!" ಎನ್ನುತ್ತಾ ತಾವೇ ಶಾಂತಾಳ ಕೈ ಹಿಡಿದು ಕುಲುಕತೊಡಗಿದರು.

ಆಕೆ ಮೆಲ್ಲಗೆ ಹೇಳಿದಳು: "ಹೆದ್ರಿಕಿ ನಮಗಿಲ್ರಿ ಸರ. ನಿಮಗ ಹತ್ತಬಾರ್ದಂತ ಹಾಕ್ಕೊಂಡೇವ್ರಿ. ನಮ್ದು ಹಂದಿಜ್ವರದ ವಾರ್ಡ್ ಐತ್ರಿ."

ಮೇಷ್ಟ್ರಿಗೆ ಇದನ್ನು ಯಾರೂ ಹೇಳಿರಲಿಲ್ಲ! "ಒಂದ್ನಿಮಿಷ, ಫೋನ್ ಬಂತು," ಎಂದವರೇ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಬರಿಗಾಲಲ್ಲಿ ಓಡಿದರು. ಚಪ್ಪಲಿ ಬಾಗಿಲಲ್ಲೇ ಉಳಿಯಿತು.

ಮೊದಲು ನಕ್ಕವಳು ಶಾಂತಾ. ಆಮೇಲೆ ನಾವೆಲ್ಲ, ಹೊಟ್ಟೆ ಹಿಡಿದುಕೊಂಡು.

ಪಾಪ, ನಗಿಸಲು ಬಂದವರು ನಗಿಸಿಯೇ ಹೋದರು. ಆದರೆ ನಮಗೆ ಬೇಕಾದದ್ದು ರಜೆ. ನಾಳೆ ಮತ್ತೆ ಕೇಳುತ್ತೇವೆ, ಈ ಸಲ ಆಡಳಿತಾಧಿಕಾರಿಯ ಕೈ ಕುಲುಕಿ.